ಸಹೋದ್ಯೋಗಿಯ ನಾಯಿ ಮೈಮೇಲೆ ಹಾರಿದರೆ...

‘ಏನೂ ಮಾಡಲ್ಲ ಬನ್ನಿ, ಬರೀ ಆಟ ಆಡುತ್ತೆ ಅಷ್ಟೇ.’

ಈ ಮಾತು ಮುಗಿಯುವಷ್ಟರಲ್ಲಿ ಮೂವತ್ತು ಕಿಲೋ ತೂಗುವ ಲ್ಯಾಬ್ರಡಾರ್ ಎರಡೂ ಮುಂಗಾಲುಗಳನ್ನು ನಿಮ್ಮ ಎದೆಯ ಮೇಲಿಟ್ಟಿರುತ್ತದೆ. ಕೈಯಲ್ಲಿದ್ದ ಕಾಫಿ ಕೀಬೋರ್ಡಿನ ಮೇಲೆ ಚೆಲ್ಲಿರುತ್ತದೆ. ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್, ಇಂದಿರಾನಗರದ ಸ್ಟಾರ್ಟಪ್‌ಗಳಲ್ಲಿ ಕೆಲಸ ಮಾಡುವವರಿಗೆ ಈ ದೃಶ್ಯ ಹೊಸದೇನಲ್ಲ. ಅಮೆರಿಕದಲ್ಲಿ 1999ರಿಂದ, ವರ್ಷಕ್ಕೊಮ್ಮೆ ಜೂನ್ ತಿಂಗಳಿನಲ್ಲಿ ನಾಯಿಯನ್ನು ಕೆಲಸಕ್ಕೆ ಕರೆತರುವ ದಿನವನ್ನು ಆಚರಿಸುತ್ತಾರೆ. ನಮ್ಮಲ್ಲಿ ಕೋವಿಡ್ ಕಾಲದಲ್ಲಿ ಮರಿ ತಂದವರು ಕಚೇರಿಗೆ ಮರಳುವಾಗ ಅದನ್ನೂ ಜೊತೆಗೆ ಕರೆತಂದರು. ಹಿನ್ನೆಲೆ ಇಷ್ಟು ಸಾಕು.

ತೊಂದರೆ ಅನುಭವಿಸುವವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ತಿಂಗಳುಗಟ್ಟಲೆ ಹಲ್ಲು ಕಚ್ಚಿಕೊಂಡಿದ್ದು ಒಂದು ದಿನ ಎಚ್‌ಆರ್‌ಗೆ ಉದ್ದದ ಮೇಲ್ ಹಾಕುವುದು ಒಂದು. ನಾಯಿಯನ್ನು ಗದರಿ ತಳ್ಳುವುದು ಇನ್ನೊಂದು. ಮೊದಲನೆಯದರಿಂದ ಸಹೋದ್ಯೋಗಿಯ ಸ್ನೇಹ ಕೆಡುತ್ತದೆ, ಎರಡನೆಯದರಿಂದ ನಾಯಿ ಇನ್ನಷ್ಟು ಕೆಡುತ್ತದೆ.

ಮೊದಲು ಒಂದು ವಾರ ಬರೆದಿಡಿ

‘ನಾಯಿ ಕಾಟ ತಡೆಯೋಕಾಗ್ತಿಲ್ಲ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಏನಾಯಿತು ಎಂದು ಫೋನಿನಲ್ಲೇ ಗುರುತು ಹಾಕಿಕೊಳ್ಳಿ. ವಾರ ಕಳೆಯುವಷ್ಟರಲ್ಲಿ ಕಾರಣ ತಾನಾಗಿ ಕಾಣುತ್ತದೆ. ಕೊರಿಯರ್ ಹುಡುಗ ಬಾಗಿಲು ತಟ್ಟಿದಾಗ ಮಾತ್ರ ಬೊಗಳುತ್ತಿರಬಹುದು. ಊಟದ ಡಬ್ಬಿ ತೆರೆದಾಗ ಮಾತ್ರ ಮೇಜಿಗೆ ಹಾರುತ್ತಿರಬಹುದು. ಒಡೆಯ ಮೀಟಿಂಗಿಗೆ ಹೋದ ಕೂಡಲೇ ಕುಂಯ್‌ಗುಟ್ಟುತ್ತಿದ್ದರೆ ಅದನ್ನು ತುಂಟತನ ಎನ್ನಬೇಡಿ, ಒಂಟಿಯಾದೆ ಎಂಬ ಹೆದರಿಕೆ ಅದು.

ಆಮೇಲೆ ಒಡೆಯರೊಂದಿಗೆ ಮಾತಾಡಿ. ಟೀಮಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೇಡ, ನಾಯಿ ನಿಮ್ಮ ಪ್ಯಾಂಟು ಹರಿದ ಆ ಗಳಿಗೆಯಲ್ಲೂ ಬೇಡ. ಟೀಗೆ ಹೊರಗೆ ಹೋದಾಗ ಹೇಳಿ. ‘ನಿಮ್ಮ ನಾಯಿಗೆ ಏನೂ ಕಲಿಸಿಲ್ಲ’ ಎಂದರೆ ತಮ್ಮ ಮಗುವನ್ನೇ ಬೈದಂತೆ ಅವರಿಗೆ ಅನ್ನಿಸುತ್ತದೆ. ‘ಎರಡು ಸಲ ನನ್ನ ಡಬ್ಬಿಗೆ ಬಾಯಿ ಹಾಕಿದ. ಒಂದರಿಂದ ಎರಡು ಗಂಟೆವರೆಗೆ ಲೀಶ್ ಹಾಕಿ ನಿಮ್ಮ ಸೀಟಿನ ಹತ್ತಿರ ಇಟ್ಕೊಳ್ತೀರಾ?’ ಎನ್ನಿ. ಒಂದು ಸಲಕ್ಕೆ ಒಂದೇ ಬೇಡಿಕೆ ಇಡಿ. ಲೀಶ್, ಅದರದ್ದೇ ಒಂದು ಚಾಪೆ, ಕಚ್ಚಲೊಂದು ಆಟಿಕೆ, ಕಚೇರಿಗೆ ಬರುವ ಮುನ್ನ ಚೆನ್ನಾಗಿ ನಡೆಸಿಕೊಂಡು ಬರುವುದು, ಇವಿಷ್ಟರಿಂದಲೇ ಅರ್ಧ ಗಲಾಟೆ ನಿಲ್ಲುತ್ತದೆ. ನಾಯಿ ಕಂಡರೆ ನಿಮಗೆ ಭಯವಿದ್ದರೆ ಅದನ್ನೂ ನೇರವಾಗಿ ಹೇಳಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಕಚೇರಿಯಲ್ಲಿ ನಾಯಿಯಿಂದ ಹೆಚ್ಚು ಕಷ್ಟಪಡುವವರು ನೀವಾಗಿರಲಿಕ್ಕಿಲ್ಲ. ನೆಲದ ಮೇಲಿನ ಉಚ್ಚೆ ಒರೆಸುವುದು ಹೌಸ್‌ಕೀಪಿಂಗ್‌ನ ಅಕ್ಕ. ಬಾಗಿಲಲ್ಲಿ ಅದರ ಬೊಗಳಿಕೆಗೆ ಮೊದಲು ಸಿಗುವವರು ಸೆಕ್ಯೂರಿಟಿಯವರು. ಕೆಲಸ ಹೋದೀತೆಂಬ ಅಂಜಿಕೆಯಿಂದ ಅವರು ಬಾಯಿ ಬಿಡುವುದಿಲ್ಲ. ಒಡೆಯರ ಹತ್ತಿರ ಹೋಗುವ ಮೊದಲು ಅವರನ್ನೊಮ್ಮೆ ಕೇಳಿ, ಅವರ ಮಾತನ್ನೂ ನೀವೇ ಮುಟ್ಟಿಸಿ.

ಆ ಒಂದು ತುಂಡು ಬಿಸ್ಕತ್ತು

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಒಂದು ಬೀಗಲ್ ಇತ್ತು. ಒಡತಿ ತಿಂಗಳುಗಟ್ಟಲೆ ದುಡ್ಡು ಕೊಟ್ಟು ತರಬೇತಿ ಕೊಡಿಸಿದರು. ಮನೆಯಲ್ಲಿ ಹೇಳಿದಂತೆ ಕೇಳುತ್ತಿದ್ದ ಅದು ಕಚೇರಿಗೆ ಕಾಲಿಟ್ಟ ಕೂಡಲೇ ಎಲ್ಲರ ಮೇಲೂ ಹಾರುತ್ತಿತ್ತು. ಕಾರಣ ಗೊತ್ತಾಗಲು ನಮಗೆ ಬಹಳ ದಿನ ಬೇಕಾಯಿತು. ಅಕೌಂಟ್ಸ್ ವಿಭಾಗದ ಹಿರಿಯರೊಬ್ಬರು, ನಿಜಕ್ಕೂ ಒಳ್ಳೆಯ ಮನಸ್ಸಿನವರು, ಅದು ಹಾರಿ ತೊಡೆಗೆ ಕಾಲು ಕೊಟ್ಟಾಗಲೆಲ್ಲ ‘ಪಾಪ, ಹಸಿವು’ ಎಂದು ಅರ್ಧ ಮಾರಿ ಬಿಸ್ಕತ್ತು ಕೊಡುತ್ತಿದ್ದರು.

ಹತ್ತು ಜನ ಸುಮ್ಮನಿದ್ದು ಒಬ್ಬರು ಕೊಟ್ಟರೆ, ಯಾರೂ ಕೊಡದಿರುವುದಕ್ಕಿಂತಲೂ ಎಲ್ಲರೂ ಕೊಡುವುದಕ್ಕಿಂತಲೂ ಪರಿಣಾಮ ಕೆಟ್ಟದು. ಎಲ್ಲರೂ ಕೊಡುತ್ತಿದ್ದು ಒಮ್ಮೆಲೇ ನಿಲ್ಲಿಸಿದರೆ ನಾಯಿ ಬೇಗ ಬಿಟ್ಟೀತು. ಯಾವಾಗಲೋ ಒಮ್ಮೆ ಸಿಗುವ ಚಟ ಬಿಡುವುದಿಲ್ಲ. ಹತ್ತು ಸಲ ಖಾಲಿ ಬಂದು ಹನ್ನೊಂದನೇ ಸಲ ಲಾಟರಿ ಹೊಡೆದವನು ಟಿಕೆಟ್ ಕೊಳ್ಳುವುದನ್ನು ನಿಲ್ಲಿಸುತ್ತಾನೆಯೇ? ನಾಯಿಯೂ ಹಾಗೆಯೇ.

ಬಹುಮಾನ ಎಂದರೆ ಬಿಸ್ಕತ್ತು ಒಂದೇ ಎಂದುಕೊಳ್ಳಬೇಡಿ. ಹಾರಿದಾಗ ನಕ್ಕರೂ ಬಹುಮಾನ. ‘ಏಯ್, ಇಳಿಯೋ ಕೆಳಗೆ’ ಎಂದು ಕೂಗಿದರೂ ಬಹುಮಾನ, ನೀವು ಅದನ್ನು ಗಮನಿಸಿದಿರಲ್ಲ! ಕೈಯಿಂದ ತಳ್ಳಿದರೆ ಅದಕ್ಕೆ ಕುಸ್ತಿಯಾಟ. ಮಂಡಿಯಿಂದ ಎದೆಗೆ ಗುದ್ದಿ ಎಂದು ಕೆಲವರು ಹೇಳಿಕೊಡುತ್ತಾರೆ. ಖಂಡಿತ ಬೇಡ, ಪೆಟ್ಟಾಗುತ್ತದೆ, ಮನುಷ್ಯರ ಬಗ್ಗೆ ಭಯ ಬೆಳೆಯುತ್ತದೆ.

ಹೀಗೆ ಮಾಡಿ: ನಾಯಿ ಓಡಿಬಂದರೆ ಪಕ್ಕಕ್ಕೆ ತಿರುಗಿ ನಿಲ್ಲಿ. ಕೈ ಎದೆಗೆ ಕಟ್ಟಿಕೊಳ್ಳಿ. ಕಣ್ಣಲ್ಲಿ ಕಣ್ಣಿಡಬೇಡಿ, ಒಂದು ಮಾತೂ ಆಡಬೇಡಿ. ನಾಲ್ಕೂ ಕಾಲು ನೆಲಕ್ಕೆ ತಾಗಿದ ತಕ್ಷಣ, ಒಂದೆರಡು ಸೆಕೆಂಡಿನೊಳಗೆ, ಮೆಲುದನಿಯಲ್ಲಿ ಹೊಗಳಿ. ಇಷ್ಟವಿದ್ದರೆ ಎದೆಯ ಹತ್ತಿರ ಸವರಿ, ತಲೆಯ ಮೇಲೆ ಕೈ ಚಾಚಬೇಡಿ. ಮತ್ತೆ ಹಾರಿದರೆ ಮತ್ತೆ ತಿರುಗಿ ನಿಲ್ಲಿ.

ಮೊದಲ ಕೆಲವು ದಿನ ಹಾರಾಟ ಹೆಚ್ಚಾಗುತ್ತದೆ. ಇಷ್ಟು ದಿನ ನಡೆದ ಉಪಾಯ ಏಕೆ ನಡೆಯುತ್ತಿಲ್ಲ ಎಂದು ಅದು ಇನ್ನೂ ಜೋರಾಗಿ ಪ್ರಯತ್ನಿಸುತ್ತದೆ. ಬಹುತೇಕರು ಸೋಲುವುದು ಇಲ್ಲಿಯೇ. ಆ ಹಂತದಲ್ಲಿ ಒಬ್ಬರು ಕರಗಿದರೂ ‘ಇಷ್ಟು ಜೋರಾಗಿ ಹಾರಿದರೆ ಸಿಗುತ್ತದೆ’ ಎಂಬ ಪಾಠ ಅದಕ್ಕೆ ಗಟ್ಟಿಯಾಗುತ್ತದೆ. ಆದ್ದರಿಂದ ಶುರುಮಾಡುವ ಮುನ್ನ ಇಡೀ ಟೀಮನ್ನು ಕೂರಿಸಿ ಒಪ್ಪಿಸಿ, ಬಿಸ್ಕತ್ತಿನ ಹಿರಿಯರನ್ನು ಮೊದಲು. ನಮ್ಮ ಕಚೇರಿಯಲ್ಲಿ ಅವರಿಗೇ ಬಿಸ್ಕತ್ತಿನ ಡಬ್ಬ ಒಪ್ಪಿಸಿದೆವು, ಅದು ಕೂತರೆ ಮಾತ್ರ ಕೊಡುವ ಷರತ್ತಿನ ಮೇಲೆ. ಆಮೇಲೆ ಅವರಷ್ಟು ಶಿಸ್ತಿನ ಶಿಕ್ಷಕ ಬೇರೆ ಇರಲಿಲ್ಲ.

ತಿನ್ನಿಸುವ ಮಾತು ಬಂದದ್ದರಿಂದ: ಉಪ್ಪಿಟ್ಟಿನ ಈರುಳ್ಳಿ, ಕೇಸರಿಬಾತಿನ ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿ ಬಳಸುವ ಕ್ಸೈಲಿಟಾಲ್ ಜೀವವನ್ನೇ ತೆಗೆಯಬಲ್ಲದು. ಡಬ್ಬಿಯ ಮುಚ್ಚಳ ಹಾಕಿಡಿ.

ಗುರ್ ಎಂದರೆ ಬೈಯಬೇಡಿ

ಮೈ ಬಿಗಿಹಿಡಿಯುವುದು, ಮುಖ ತಿರುಗಿಸಿ ಕಣ್ಣಿನ ಬಿಳಿಭಾಗ ತೋರಿಸುವುದು, ಮತ್ತೆ ಮತ್ತೆ ತುಟಿ ನೆಕ್ಕಿಕೊಳ್ಳುವುದು, ಕೊನೆಗೆ ಗುರ್ ಎನ್ನುವುದು ‘ದೂರ ಇರು’ ಎಂಬ ಸೂಚನೆಗಳು. ಗುರ್ ಎಂದದ್ದಕ್ಕೆ ಹೊಡೆದರೆ ನಾಯಿ ಗುರ್ ಎನ್ನುವುದನ್ನು ಬಿಟ್ಟು ನೇರ ಕಚ್ಚಲು ಕಲಿಯುತ್ತದೆ. ನಿಧಾನವಾಗಿ ಹಿಂದೆ ಸರಿದು ಒಡೆಯರನ್ನು ಕರೆಯಿರಿ. ಇಂಥ ನಾಯಿಗೆ ಪಶುವೈದ್ಯರೂ ತರಬೇತುದಾರರೂ ಬೇಕು, ಅಲ್ಲಿಯವರೆಗೆ ಅದು ಕಚೇರಿಗೆ ಬರಕೂಡದು. ಈ ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಎರಡು ಸಲ ಹೇಳಿದರೂ ಒಡೆಯರು ಕಿವಿಗೆ ಹಾಕಿಕೊಳ್ಳದಿದ್ದರೆ ನಿಮ್ಮ ಟಿಪ್ಪಣಿಯೊಂದಿಗೆ ಎಚ್‌ಆರ್‌ಗೆ ಬರೆಯಿರಿ. ನಾಯಿಯನ್ನು ಓಡಿಸಿ ಎಂದು ಕೇಳುವ ಬದಲು ನಿಯಮ ಕೇಳಿ: ಲೀಶ್ ಕಡ್ಡಾಯ, ಊಟದ ಕೋಣೆಗೆ ಪ್ರವೇಶವಿಲ್ಲ, ಗಲೀಜು ತೆಗೆಯುವುದು ಒಡೆಯರ ಕೆಲಸ, ರೇಬಿಸ್ ಲಸಿಕೆಯ ಕಾರ್ಡಿನ ಪ್ರತಿ ಎಚ್‌ಆರ್ ಬಳಿ ಇರಬೇಕು. ಸಾಕುಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಕಚ್ಚಿದರೆ ಅಥವಾ ಹಲ್ಲು, ಉಗುರು ತಾಗಿ ಚರ್ಮ ತರಚಿದರೆ: ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಕಾಫಿಪುಡಿ ಮೆತ್ತಬೇಡಿ. ನಾಯಿಗೆ ಲಸಿಕೆ ಆಗಿದೆ ಎಂದು ಒಡೆಯರು ಹೇಳಿದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಗಾಯದಿಂದ ರಕ್ತ ಬಂದಿದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲಾಬುಲಿನ್ ಬೇಕೇ ಎಂದು ವೈದ್ಯರನ್ನು ಕೇಳಿ. ನಾಯಿಯ ಮೇಲೆ 10 ದಿನ ಕಣ್ಣಿಡಲು ಒಡೆಯರಿಗೆ ಹೇಳಿ. ಮುಂದಿನ ಚುಚ್ಚುಮದ್ದಿನ ದಿನಾಂಕಗಳನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ಫೋನಿನಲ್ಲಿ ಗುರುತು ಹಾಕಿಕೊಳ್ಳಿ.