ಮಧುಮೇಹ ಮತ್ತು ಲಾಲಾಗ್ರಂಥಿಗಳು



ಮಧುಮೇಹ ಎಂದಕೂಡಲೇ ಇನ್ಸುಲಿನ್, ಕಣ್ಣು, ಮೂತ್ರಪಿಂಡ ನೆನಪಾಗುತ್ತವೆ. ಬಾಯಿ ನೆನಪಾಗುವುದು ಕಡಿಮೆ. ಆದರೆ ಈ ಕಾಯಿಲೆ ಲಾಲಾಗ್ರಂಥಿಗಳ ಅಂಗಾಂಶವನ್ನೂ ಬದಲಿಸುತ್ತದೆ. ಪಾಠದಲ್ಲಿ ಓದಿದ್ದನ್ನು ಮನೆಯಲ್ಲಿ ಕಂಡದ್ದರೊಂದಿಗೆ ಸೇರಿಸಿ ಬರೆದಿದ್ದೇನೆ.

ಆರೋಗ್ಯವಂತ ಗ್ರಂಥಿ

ನಮಗೆ ಮೂರು ಜೊತೆ ದೊಡ್ಡ ಲಾಲಾಗ್ರಂಥಿಗಳಿವೆ: ಕಿವಿಯ ಮುಂದೆ ಪೆರೋಟಿಡ್, ದವಡೆಯ ಕೆಳಗೆ ಸಬ್‌ಮ್ಯಾಂಡಿಬ್ಯುಲಾರ್, ನಾಲಿಗೆಯ ಕೆಳಗೆ ಸಬ್‌ಲಿಂಗ್ವಲ್. ಅವುಗಳೊಳಗೆ ದ್ರಾಕ್ಷಿ ಗೊಂಚಲಿನಂತೆ ಅಸಿನಸ್ ಎಂಬ ಕೋಶಗುಚ್ಛಗಳಿರುತ್ತವೆ. ಇವು ರಕ್ತದಿಂದ ನೀರು, ಲವಣ ಪಡೆದು, ಅಮೈಲೇಸ್‌ನಂತಹ ಕಿಣ್ವ ಸೇರಿಸಿ ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರ್ ಲಾಲಾರಸ ಸ್ರವಿಸುತ್ತವೆ. ಸ್ವಾಯತ್ತ ನರಗಳು ಇದನ್ನು ನಿಯಂತ್ರಿಸುತ್ತವೆ.

ಮಧುಮೇಹದಲ್ಲಿ ಆಗುವ ಬದಲಾವಣೆಗಳು

1. ನೀರಿನ ನಷ್ಟ: ರಕ್ತದ ಗ್ಲೂಕೋಸ್ ಸುಮಾರು 180 ಮಿ.ಗ್ರಾಂ ದಾಟಿದರೆ ಅದು ಮೂತ್ರದಲ್ಲಿ ಹೋಗುತ್ತದೆ, ನೀರನ್ನೂ ಎಳೆದೊಯ್ಯುತ್ತದೆ. ಆಗ ಗ್ರಂಥಿಗೆ ಸಿಗುವ ನೀರು ಕಡಿಮೆ.
2. ರಕ್ತನಾಳ: ಸೂಕ್ಷ್ಮ ರಕ್ತನಾಳಗಳ ತಳಪೊರೆ ದಪ್ಪವಾಗಿ ಪೂರೈಕೆ ಕುಗ್ಗುತ್ತದೆ.
3. ನರ: ಸ್ವಾಯತ್ತ ನರಗಳು ಹಾನಿಗೊಂಡರೆ ಸ್ರವಿಸುವ ಸೂಚನೆ ಸರಿಯಾಗಿ ತಲುಪುವುದಿಲ್ಲ.
4. ಕೊಬ್ಬು: ಮಧುಮೇಹವಿರುವ ಇಲಿಗಳ ಅಸಿನಸ್ ಕೋಶಗಳಲ್ಲಿ ಕೊಬ್ಬಿನ ಹನಿಗಳು ಕಂಡುಬಂದಿವೆ. ಕೆಲವು ರೋಗಿಗಳಲ್ಲಿ ಎರಡೂ ಪೆರೋಟಿಡ್‌ಗಳು ನೋವಿಲ್ಲದೆ ಊದುತ್ತವೆ. ಮಂಗನಬಾವಿನಂತೆ ಜ್ವರ, ನೋವು ಇರುವುದಿಲ್ಲ.

ಪರಿಣಾಮವೇನು?

ಲಾಲಾರಸದ ಲೈಸೋಜೈಮ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಬೈಕಾರ್ಬನೇಟ್ ಆಮ್ಲವನ್ನು ತಣಿಸುತ್ತದೆ. ರಸ ಕಡಿಮೆಯಾಗಿ ಅದರಲ್ಲಿ ಸಕ್ಕರೆಯೂ ಹೆಚ್ಚಿದರೆ ಹಲ್ಲು ಹುಳುಕು, ಕ್ಯಾಂಡಿಡಾ ಶಿಲೀಂಧ್ರದ ಸೋಂಕು ಸುಲಭವಾಗಿ ಬರುತ್ತವೆ.

ನಮ್ಮ ನಾನಿ ಬ್ಯಾಡಗಿಯಲ್ಲಿ ಬಹಳ ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಮಾಡಿದವರು. ಕಳೆದ ವರ್ಷ ರೊಟ್ಟಿಯ ಪ್ರತಿ ತುತ್ತಿಗೂ ನೀರು ಕೇಳತೊಡಗಿದರು. ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೆಸರಾದ, 2011ರಲ್ಲಿ ಜಿಐ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಚಟ್ನಿಯೂ ಅವರ ಬಾಯಿ ಸುಡುತ್ತಿತ್ತು. ರಸದ ತೆಳು ಪೊರೆ ಇಲ್ಲದಿದ್ದರೆ ಖಾರ ನೇರವಾಗಿ ಒಳಚರ್ಮಕ್ಕೆ ತಾಗುತ್ತದೆ. ವಯಸ್ಸಾಯಿತು, ಮೆಣಸಿನ ಘಾಟು ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ರಾಣೆಬೆನ್ನೂರಿನ ದಂತವೈದ್ಯರೊಬ್ಬರು ಬಾಯಿ ನೋಡಿ, ಮೊದಲು ರಕ್ತಪರೀಕ್ಷೆ ಮಾಡಿಸಿ ಎಂದರು. ಖಾಲಿ ಹೊಟ್ಟೆಯ ಸಕ್ಕರೆ 212 ಇತ್ತು. 126 ಅಥವಾ ಹೆಚ್ಚು ಎಂಬುದು ಮತ್ತೊಂದು ಪರೀಕ್ಷೆಯಲ್ಲೂ ಖಚಿತವಾದರೆ ಅದು ಮಧುಮೇಹ. ಔಷಧ ಆರಂಭವಾಗಿ ಸಕ್ಕರೆ ಇಳಿದ ಮೇಲೆ ಬಾಯಾರಿಕೆ ತಗ್ಗಿತು; ಆದರೆ ಎರಡು ಹಲ್ಲು ಆಗಲೇ ಹೋಗಿದ್ದವು.

ನೆನಪಿಡಿ

• ಬಾಯಿ ಒಣಗುವುದೆಲ್ಲ ಮಧುಮೇಹವಲ್ಲ. ರಕ್ತದೊತ್ತಡ, ಅಲರ್ಜಿಯ ಕೆಲವು ಮಾತ್ರೆಗಳಿಂದಲೂ ಹಾಗಾಗುತ್ತದೆ. ಪರೀಕ್ಷೆಯೇ ಉತ್ತರ.
• 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ.
• ಸರ್ಕಾರಿ ಆಸ್ಪತ್ರೆಗಳ ಎನ್‌ಸಿಡಿ ವಿಭಾಗದಲ್ಲಿ 30 ದಾಟಿದವರಿಗೆ ಸಕ್ಕರೆ ಪರೀಕ್ಷೆ ಉಚಿತ.
• ಮಧುಮೇಹಿಗಳು ರೋಜಾ ಹಿಡಿಯುವ ಮುನ್ನ ವೈದ್ಯರನ್ನು ಕಂಡು ಔಷಧದ ವೇಳೆ ಕೇಳಿಕೊಳ್ಳಬೇಕು.
• ದಿನಕ್ಕೆರಡು ಬಾರಿ ಹಲ್ಲುಜ್ಜಿ. ಗುಟ್ಕಾ, ತಂಬಾಕು ಬೇಡ.

ಮನೆಯ ಹಿರಿಯರನ್ನು ಮೂರು ಪ್ರಶ್ನೆ ಕೇಳಿ: ಒಣ ತಿಂಡಿ ನುಂಗಲು ನೀರು ಬೇಕೇ? ರಾತ್ರಿ ಬಾಯಿ ಒಣಗಿ ಎಚ್ಚರವಾಗುತ್ತದೆಯೇ? ಪದೇ ಪದೇ ಮೂತ್ರಕ್ಕೆ ಏಳುತ್ತೀರಾ? ಹೌದು ಎಂದರೆ ಪರೀಕ್ಷೆಗೆ ನೀವೇ ಕರೆದುಕೊಂಡು ಹೋಗಿ.