ಸರ್ಟಿಫಿಕೇಟ್ ಇಲ್ಲದ ವೈದ್ಯರನ್ನು ಏನು ಮಾಡಬೇಕು? ಹಾಂಗ್‌ಕಾಂಗ್‌ನ ಉತ್ತರ

ಒಬ್ಬರು ಇಪ್ಪತ್ತು ವರ್ಷದಿಂದ ನಾಡಿ ನೋಡಿ ಔಷಧಿ ಕೊಡ್ತಿದಾರೆ. ಬೀದಿಗೆಲ್ಲ ಅವರ ಮೇಲೆ ನಂಬಿಕೆ. ಆದರೆ ಕೈಯಲ್ಲಿ ಒಂದು ಡಿಗ್ರಿಯೂ ಇಲ್ಲ. ಈಗ ಸರ್ಕಾರ ‘ಇನ್ನು ಮುಂದೆ ನೋಂದಣಿ ಆದವರು ಮಾತ್ರ ವೈದ್ಯರು’ ಅಂತ ಕಾನೂನು ತಂದರೆ ಅವರ ಗತಿ ಏನು? ಹಾಂಗ್‌ಕಾಂಗ್ ತನ್ನ ಚೀನೀ ವೈದ್ಯರ ವಿಷಯದಲ್ಲಿ ಇದೇ ಪ್ರಶ್ನೆ ಎದುರಿಸಿತು. ಈ ಸಲ ಅದನ್ನೇ ಓದೋಣ.

ಬ್ರಿಟಿಷರ ಕಾಲದಲ್ಲಿ ಅಲ್ಲಿನ ಅಲೋಪಥಿ ಡಾಕ್ಟರುಗಳಿಗೆ ನೋಂದಣಿ ಕಾನೂನು ಇತ್ತು. ಚೀನೀ ಪದ್ಧತಿಯವರು ಅದರ ಹೊರಗಿದ್ದರು. ಅವರನ್ನು ಯಾರೂ ತಡೆಯಲಿಲ್ಲ, ವೈದ್ಯರು ಅಂತ ಗುರುತಿಸಲೂ ಇಲ್ಲ. ಅಂಗಡಿ ತೆರೆಯೋಕೆ ವ್ಯಾಪಾರದ ನೋಂದಣಿ ಸಾಕಾಗ್ತಿತ್ತು. ಕೇಳೋಕೆ ಇದು ಸ್ವಾತಂತ್ರ್ಯದ ಥರ ಇದೆ. ಆದರೆ ಗುರುವಿನ ಹತ್ತಿರ ಹತ್ತು ವರ್ಷ ಕಲಿತವರು ಯಾರು, ನಿನ್ನೆ ಬೋರ್ಡು ಹಾಕಿದವರು ಯಾರು ಅಂತ ರೋಗಿಗೆ ಗೊತ್ತಾಗೋದು ಹೇಗೆ?

ಒಣಗಿಸಿ ಹೆಚ್ಚಿದ ಬೇರುಗಳು ನೋಡೋಕೆ ಒಂದೇ ಥರ. 1989ರಲ್ಲಿ ಮಾಮೂಲಿ ಬೇರಿನ ಬದಲು ಗುಯ್‌ಜಿಯೂ ಅನ್ನೋ ವಿಷದ ಬೇರು ಸೇರಿಹೋಗಿ ಕಷಾಯ ಕುಡಿದವರು ಆಸ್ಪತ್ರೆ ಸೇರಿದರು. ಅದೇ ವರ್ಷ ಸರ್ಕಾರ ಚೀನೀ ವೈದ್ಯದ ಬಗ್ಗೆ ಒಂದು ಸಮಿತಿ ಮಾಡಿತು. 1997ರಲ್ಲಿ ಹಾಂಗ್‌ಕಾಂಗ್ ಚೀನಾಕ್ಕೆ ಮರಳಿದಾಗ ಜಾರಿಗೆ ಬಂದ ಮೂಲ ಕಾನೂನಿನ 138ನೇ ವಿಧಿ, ಪಾಶ್ಚಾತ್ಯ ಮತ್ತು ಚೀನೀ ವೈದ್ಯ ಎರಡನ್ನೂ ಬೆಳೆಸಬೇಕು ಅಂತ ಹೇಳಿತು. 1999ರಲ್ಲಿ ಚೀನೀ ವೈದ್ಯ ಕಾನೂನು ಪಾಸಾಯ್ತು, ಪರಿಷತ್ತೂ ಬಂತು.

ಈಗ ಅಸಲಿ ವಿಷಯ. 2000ದ ಜನವರಿ 3ರಂದು ಅಲ್ಲಿ ವೈದ್ಯ ಮಾಡ್ತಿದ್ದವರೆಲ್ಲ ‘ಪಟ್ಟಿಯ ವೈದ್ಯರು’ ಆಗಿ ಹೆಸರು ಬರೆಸಬಹುದಿತ್ತು. ಪಟ್ಟಿಯಿಂದ ಪೂರ್ತಿ ನೋಂದಣಿಗೆ ಮೂರು ಬಾಗಿಲು. ಸತತ 15 ವರ್ಷ ಅನುಭವ ಇದ್ದರೆ, ಅಥವಾ 10 ವರ್ಷದ ಜೊತೆಗೆ ಒಪ್ಪುವಂಥ ವಿದ್ಯಾರ್ಹತೆ ಇದ್ದರೆ, ನೇರ ಪ್ರವೇಶ. ಅನುಭವ 10 ವರ್ಷ ದಾಟಿ ವಿದ್ಯಾರ್ಹತೆ ಇಲ್ಲದವರಿಗೆ, ಅಥವಾ ವಿದ್ಯಾರ್ಹತೆ ಇದ್ದು ಅನುಭವ ಕಮ್ಮಿ ಇದ್ದವರಿಗೆ, ಒಂದು ಮೌಲ್ಯಮಾಪನ. ಉಳಿದವರು ಪೂರ್ತಿ ಪರೀಕ್ಷೆ ಬರೀಬೇಕು: ಮೊದಲು ಲಿಖಿತ, ಪಾಸಾದರೆ ಕ್ಲಿನಿಕಲ್. ಡಿಪ್ಲೊಮಾ ಮುಗಿಸಿ ನಮ್ಮ ಜೊತೆ ಲ್ಯಾಟರಲ್ ಎಂಟ್ರಿಯಲ್ಲಿ ಸೆಕೆಂಡ್ ಇಯರ್‌ಗೆ ಸೇರಿದ ಗೆಳೆಯರಿಗೆ ಈ ಲೆಕ್ಕ ತಕ್ಷಣ ಅರ್ಥ ಆಗುತ್ತೆ. ಹೊಸಬರಿಗೆ ಮಾತ್ರ ಡಿಗ್ರಿ ಕಡ್ಡಾಯ. ಅಲ್ಲಿನ ಬ್ಯಾಪ್ಟಿಸ್ಟ್ ವಿಶ್ವವಿದ್ಯಾಲಯ 1998ರಲ್ಲೇ ಪೂರ್ಣಾವಧಿ ಕೋರ್ಸ್ ಶುರು ಮಾಡಿತ್ತು.

ಅನುಭವವನ್ನೂ ಅರ್ಹತೆ ಅಂತ ಎಣಿಸಿದ್ದು ನಮಗೆ ತುಂಬಾ ಹಿಡಿಸ್ತು. ಆದರೆ ವರ್ಷಗಳನ್ನು ಎಣಿಸಿದರೆ ಕೌಶಲ ಅಳೆದ ಹಾಗಾಯ್ತಾ? ಹದಿನೈದು ವರ್ಷ ಒಂದೇ ತಪ್ಪು ಮಾಡಿದವರೂ ಆ ಬಾಗಿಲಲ್ಲಿ ಒಳಗೆ ಬರಬಹುದು.

ಇದಕ್ಕೇ ಇರಬೇಕು, ಕಾನೂನು ವೈದ್ಯರ ಜೊತೆ ಔಷಧಿಯನ್ನೂ ಹಿಡಿಯಿತು. ಮೊದಲ ಅನುಸೂಚಿಯಲ್ಲಿ 31 ವಿಷಕಾರಿ ದ್ರವ್ಯಗಳು, ಎರಡನೆಯದರಲ್ಲಿ 574 ಸಾಮಾನ್ಯ ಮೂಲಿಕೆಗಳು. ಮೊದಲನೆಯದನ್ನು ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಕೊಡೋ ಹಾಗಿಲ್ಲ. ಅದರಲ್ಲಿ ನಮ್ಮ ಕಾಸರಕದ ಹಸಿ ಬೀಜ ಇದೆ. ಆಯುರ್ವೇದದ ವತ್ಸನಾಭಿಯ ನೆಂಟನಾದ ಫೂಜಿ ಬೇರೂ ಇದೆ, ಅದೂ ಸಂಸ್ಕರಿಸದೆ ಇದ್ದರೆ ಮಾತ್ರ. ಸಂಸ್ಕರಿಸಿದ ಫೂಜಿ ಎರಡನೇ ಅನುಸೂಚಿಗೆ ಇಳಿಯುತ್ತೆ. ನಮ್ಮಲ್ಲಿ ಶೋಧನೆ ಅಂತಾರಲ್ಲ, ಅದೇ ವಿಚಾರ ಅಲ್ಲಿ ಕಾನೂನಿನ ಪುಟದಲ್ಲಿದೆ.

ಗುರುತಿಸುವಿಕೆ ಅಂದರೆ ಬರೀ ಗೌರವ ಅಲ್ಲ ಅನ್ನೋದು 2006ರ ಡಿಸೆಂಬರ್ 1ರಿಂದ ಗೊತ್ತಾಯ್ತು. ಅವತ್ತಿಂದ ನೋಂದಾಯಿತ ಚೀನೀ ವೈದ್ಯರು ಬರೆದುಕೊಟ್ಟ ಸಿಕ್ ಲೀವ್ ಚೀಟಿಯನ್ನೂ ಕಾರ್ಮಿಕ ಕಾನೂನು ಒಪ್ಪುತ್ತೆ. ಸೊಂಟ ಹಿಡಿದ ಕೂಲಿಯವನು ಮೂಲಿಕೆ ವೈದ್ಯರ ಹತ್ತಿರ ಹೋಗಿ, ರಜೆ ಚೀಟಿಗೋಸ್ಕರ ಮತ್ತೆ ಅಲೋಪಥಿ ಕ್ಲಿನಿಕ್‌ನಲ್ಲಿ ಕ್ಯೂ ನಿಲ್ಲೋದು ತಪ್ಪಿತು.

ಪಟ್ಟಿಯ ವೈದ್ಯರಿಗೆ ಈ ಹಕ್ಕು ಇಲ್ಲ. ವಿಷದ ಮೂಲಿಕೆ ಬರೆಯೋ ಹಕ್ಕೂ ಇಲ್ಲ. ತಾತ್ಕಾಲಿಕ ಅಂತ ಮಾಡಿದ ಆ ಪಟ್ಟಿಗೆ ಕಾನೂನು ಕೊನೆಯ ದಿನಾಂಕ ಬರೆಯಲಿಲ್ಲ. ಗೆಜೆಟ್‌ನಲ್ಲಿ ಆಮೇಲೆ ಪ್ರಕಟಿಸ್ತೀವಿ ಅಂದಿತು. ನಮಗೆ ಒಪ್ಪಿಗೆ ಆಗದ್ದು ಇದೊಂದೇ. ದಿನಾಂಕ ಗೊತ್ತಿದ್ದರೆ ಜನ ಪರೀಕ್ಷೆಗೆ ಓದ್ತಾರೆ ಅಥವಾ ಬೇರೆ ಕೆಲಸ ನೋಡ್ಕೋತಾರೆ. ಗೊತ್ತಿಲ್ಲದೆ ಇದ್ದರೆ ಎರಡೂ ಆಗಲ್ಲ. ಆ ಪ್ರಕಟಣೆ ಬಂದ ದಿನ ಪಟ್ಟಿಯಲ್ಲೇ ಉಳಿದವರು ನಾಡಿ ಹಿಡಿಯೋದನ್ನು ನಿಲ್ಲಿಸಬೇಕಾಗುತ್ತೆ.