ರಾಶಿಗೆ ಮೊದಲೇ ಫೀಸು

ವಿದೇಶದಲ್ಲಿ ಓದಲು ಎಷ್ಟು ಬೇಕು ಎಂದರೆ ಯಾರಾದರೂ ಥಟ್ಟನೆ ಹೇಳುತ್ತಾರೆ: ಇಪ್ಪತ್ತು ಲಕ್ಷ, ನಲವತ್ತು ಲಕ್ಷ. ಆ ದೊಡ್ಡ ಮೊತ್ತಕ್ಕೆ ಬ್ಯಾಂಕಿದೆ, ಬಡ್ಡಿದರವಿದೆ, ತುಂಬಲು ಒಂದು ಅರ್ಜಿಯಾದರೂ ಇದೆ. ಕಳೆದ ವರ್ಷ ನನ್ನ ನಿದ್ದೆ ಕೆಡಿಸಿದ್ದು ಅದಲ್ಲ, ಬರೀ ಮುಕ್ಕಾಲು ಲಕ್ಷ. ಸೀಟು ಸಿಗುತ್ತದೋ ಇಲ್ಲವೋ ಗೊತ್ತಾಗುವ ಮೊದಲೇ ಕೈಯಿಂದ ಹಾಕಬೇಕಾದ ದುಡ್ಡು ಅದು. ಶಿಕ್ಷಣ ಸಾಲ ಶುರುವಾಗುವುದೇ ಪ್ರವೇಶ ಪತ್ರ ಬಂದ ಮೇಲೆ. ಅದಕ್ಕೆ ಮುಂಚಿನ ಖರ್ಚಿಗೆ ಮನೆಯೇ ಬ್ಯಾಂಕು.

ನನ್ನದು ಹುಮನಾಬಾದ್ ತಾಲ್ಲೂಕಿನ ಹಳ್ಳಿ. ಓದುತ್ತಿರುವುದು ಬಸವಕಲ್ಯಾಣದಲ್ಲಿ, ಸಿವಿಲ್ ಎಂಜಿನಿಯರಿಂಗಿನ ಕೊನೆಯ ವರ್ಷ. ಬೆಳಿಗ್ಗೆ ಹುಮನಾಬಾದಿನಿಂದ ರಾಜೇಶ್ವರ, ಸಸ್ತಾಪುರ ಬಂಗ್ಲಾ ದಾಟಿ ಹೋಗುವ ಬಸ್ಸು, ಸಂಜೆ ಅದೇ ದಾರಿ ವಾಪಸ್. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಇರುವುದರಿಂದ ಬಸ್ಸಿನ ದುಡ್ಡು ಉಳಿಯಿತು. ಉಳಿದ ದುಡ್ಡಿಗಿಂತ ದೊಡ್ಡ ಲಾಭ ಆ ಪ್ರಯಾಣದ ಹೊತ್ತು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಮಾತಿನ ಭಾಗಕ್ಕೆ ನಾನೂ ನನ್ನ ಗೆಳತಿಯೂ ಅಭ್ಯಾಸ ಮಾಡಿದ್ದು ಬಸ್ಸಿನಲ್ಲೇ. ಒಂದು ದಿನ ಕಂಡಕ್ಟರಣ್ಣ ಕೇಳಿದರು: ‘ಏನವಾ, ದಿನಾ ಇಂಗ್ಲಿಷ್‌ನಾಗೇ ಜಗಳಾ ಆಡ್ಲತ್ತೀರಲ್ಲ?’ ಕೋಚಿಂಗ್ ಸೇರಿದ್ದರೆ ಸಾವಿರಗಟ್ಟಲೆ ಹೋಗುತ್ತಿತ್ತು.

ಮುಕ್ಕಾಲು ಲಕ್ಷ ಹೇಗಾಯಿತು ಎಂಬುದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿದೆ. ಪಾಸ್‌ಪೋರ್ಟ್ 1,500 ರೂಪಾಯಿ. ಇಡೀ ಪಟ್ಟಿಯಲ್ಲಿ ಅಗ್ಗದ್ದು ಅದೇ. ಐಇಎಲ್‌ಟಿಎಸ್ ಸುಮಾರು 18,000. ಜರ್ಮನಿಗೆ ಹೋಗುವವರ ಅಂಕಪಟ್ಟಿ ಅಸಲಿಯೋ ಅಲ್ಲವೋ ಎಂದು ನೋಡುವ ಎಪಿಎಸ್ ಪ್ರಮಾಣಪತ್ರ 2022ರ ನವೆಂಬರ್‌ನಿಂದ ಭಾರತೀಯರಿಗೆ ಕಡ್ಡಾಯ; ಅದಕ್ಕೂ 18,000. ಜರ್ಮನಿಯ ಬಹಳಷ್ಟು ವಿಶ್ವವಿದ್ಯಾಲಯಗಳ ಅರ್ಜಿ ಯೂನಿ-ಅಸಿಸ್ಟ್ ಎಂಬ ಸಂಸ್ಥೆಯ ಮೂಲಕ ಹೋಗಬೇಕು: ಮೊದಲನೆಯ ಅರ್ಜಿಗೆ 75 ಯೂರೋ, ಆಮೇಲಿನ ಪ್ರತಿಯೊಂದಕ್ಕೆ 30. ಯೂರೋ ನೂರು ರೂಪಾಯಿ ದಾಟಿರುವ ಈ ಕಾಲದಲ್ಲಿ ಮೂರು ಕಡೆ ಹಾಕಿದರೆ ಹದಿಮೂರು ಸಾವಿರದ ಮೇಲಾಯಿತು. ಇರಲಿ ಎಂದು ಅಮೆರಿಕದ ಎರಡು ಕಡೆ ಹಾಕಿದೆ, ಅದು ಹತ್ತಿರ ಹತ್ತಿರ ಹದಿನೈದು ಸಾವಿರ. ಉಳಿದದ್ದು ಟ್ರಾನ್‌ಸ್ಕ್ರಿಪ್ಟು, ನೋಟರಿ, ಅಂಕಪಟ್ಟಿಯಲ್ಲೊಂದು ಆಧಾರಿನಲ್ಲೊಂದು ಹೆಸರಿದ್ದದ್ದಕ್ಕೆ ಅಫಿಡವಿಟ್ಟು, ಹೈದರಾಬಾದಿನ ಓಡಾಟ.

ಈ ಲೆಕ್ಕವನ್ನು ಅಪ್ಪನಿಗೆ ರೂಪಾಯಿಯಲ್ಲಿ ಹೇಳಿದರೆ ಹೂಂ ಅನ್ನುತ್ತಾರೆ, ಕ್ವಿಂಟಲ್‌ನಲ್ಲಿ ಹೇಳಿದರೆ ಸುಮ್ಮನಾಗುತ್ತಾರೆ. 2025–26ಕ್ಕೆ ಸೋಯಾದ ಬೆಂಬಲ ಬೆಲೆ ಕ್ವಿಂಟಲ್‌ಗೆ 5,328 ರೂಪಾಯಿ. ನಮ್ಮನೆಯ ಸೋಯಾ ಅಡತಿಯಲ್ಲಿ ಹೋದದ್ದು 4,100ಕ್ಕೆ. ಅಂದರೆ ಅರ್ಜಿಗಳಿಗೇ ಹದಿನೆಂಟು ಕ್ವಿಂಟಲ್. ಎಕರೆಗೆ ಆರೇಳು ಕ್ವಿಂಟಲ್ ಬಂದರೆ ನಮ್ಮ ಕಡೆ ಚಲೋ ಬೆಳೆ ಅನ್ನುತ್ತೇವೆ. ಬೀಜ, ಗೊಬ್ಬರ, ಎಣ್ಣೆ, ಕೂಲಿ ಯಾವುದನ್ನೂ ಕಳೆಯದೆ ಮೂರು ಎಕರೆಯ ಪೂರ್ತಿ ಬೆಳೆ. ಅದೂ 2025ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಬೀದರ್ ಜಿಲ್ಲೆಯ ಹೊಲಗಳಲ್ಲಿ ನೀರು ನಿಂತು ಉದ್ದು, ಸೋಯಾ, ತೊಗರಿ ಕೊಳೆತ ವರ್ಷ.

ಮೊತ್ತಕ್ಕಿಂತ ಕಷ್ಟದ್ದು ಅದು ಬೇಕಾಗುವ ತಿಂಗಳು. ಪರೀಕ್ಷೆ ಬರೆಯಬೇಕಾದದ್ದು ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ, ಎಪಿಎಸ್‌ಗೆ ಕಳಿಸುವುದೂ ಆಗಲೇ, ಅಮೆರಿಕದ ಅರ್ಜಿಗಳ ಕೊನೆಯ ದಿನ ಡಿಸೆಂಬರ್–ಜನವರಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದ್ದಬದ್ದ ರೊಕ್ಕವೆಲ್ಲ ಮಣ್ಣಿನಲ್ಲಿರುತ್ತದೆ. ಸೋಯಾದ ದುಡ್ಡು ದೀಪಾವಳಿ ಹೊತ್ತಿಗೆ, ತೊಗರಿಯದು ಎಳ್ಳಮಾಸಿ ಕಳೆದು ರಾಶಿಯಾದ ಮೇಲೆ. ಕಬ್ಬಿನದು ಕಾರ್ಖಾನೆಗೆ ಹೋದ ಮೇಲೂ ಹೇಳಲು ಬರುವುದಿಲ್ಲ. ಊರಲ್ಲಿ ಯಾರ ಬಾಕಿ ಇದ್ದರೂ ‘ರಾಶಿ ಆದ ಮ್ಯಾಲೆ’ ಎಂದರೆ ನಡೆಯುತ್ತದೆ. ಅಂಗಡಿಯವನೂ ಒಪ್ಪುತ್ತಾನೆ, ಡಾಕ್ಟರೂ ಒಪ್ಪುತ್ತಾರೆ. ಪರೀಕ್ಷೆ ನಡೆಸುವವರು ಒಪ್ಪುವುದಿಲ್ಲ. ಬೆಂಗಳೂರಿನ ಸಂಬಳದ ಮನೆಯ ಹುಡುಗಿಗೂ ನನಗೂ ಫೀಸು ಒಂದೇ. ಅವಳ ಮನೆಗೆ ಪ್ರತಿ ತಿಂಗಳು ಒಂದನೇ ತಾರೀಖು ಬರುತ್ತದೆ, ನಮ್ಮನೆಗೆ ವರ್ಷಕ್ಕೆ ಎರಡು ಸಲ.

ಹಾಗಾಗಿ ಒಂದೊಂದು ಫೀಸಿಗೂ ಒಂದೊಂದು ಕಡೆ ಹುಡುಕಬೇಕಾಯಿತು. ಐಇಎಲ್‌ಟಿಎಸ್ ದುಡ್ಡು ಬಂದದ್ದು ಅವ್ವನ ಸ್ತ್ರೀಶಕ್ತಿ ಸಂಘದಿಂದ. ಅಲ್ಲಿ ಬಿತ್ತನೆಗೆ, ಮದುವೆಗೆ, ದವಾಖಾನೆಗೆ ಸಾಲ ಕೊಟ್ಟು ರೂಢಿ. ಪರೀಕ್ಷೆಗೆ ಕೇಳಿದವಳು ನಾನೇ ಮೊದಲು. ‘ಫೇಲ್ ಆದ್ರ?’ ಎಂದು ಒಬ್ಬ ಕಾಕು ಕೇಳಿದರು. ಅದರಲ್ಲಿ ಪಾಸು–ಫೇಲು ಇರುವುದಿಲ್ಲ, ಅಂಕ ಮಾತ್ರ ಎಂದೆ. ‘ಹಂಗಿದ್ರ ಅದ್ಯಾತರ ಪರೀಕ್ಷಾ’ ಅಂದರು, ಆದರೆ ಸಹಿ ಹಾಕಿದರು. ಎಪಿಎಸ್‌ಗೆ ಅವ್ವ ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರವನ್ನು ಮುಟ್ಟದೆ ಕೂಡಿಟ್ಟದ್ದು ಒದಗಿತು. ಆ ಖಾತೆಯಲ್ಲಿ ಎಷ್ಟಿದೆ ಎಂದು ಅಪ್ಪನಿಗೆ ಗೊತ್ತಿರಲಿಲ್ಲ. ‘ತಿಳಿದಿದ್ರ ಗೊಬ್ಬರಕ್ಕ ಹೋಗ್ತಿತ್ತು’ ಎಂಬುದು ಅವಳ ವಾದ, ಅದು ನಿಜವೂ ಹೌದು.

ಅರ್ಜಿಗಳ ದುಡ್ಡಿಗೆ ಅಪ್ಪ ಅಡತಿಯವರನ್ನು ಕೇಳಲು ಹೊರಟಿದ್ದರು. ಅಲ್ಲಿ ನೂರಕ್ಕೆ ಎರಡು, ತಿಂಗಳಿಗೆ. ಕೇಳಲು ಹಗುರ, ವರ್ಷಕ್ಕೆ ಶೇ 24. ಮೂವತ್ತು ಸಾವಿರಕ್ಕೆ ಆರು ತಿಂಗಳಲ್ಲಿ 3,600 ರೂಪಾಯಿ ಬಡ್ಡಿ. ಅವ್ವನ ಬೋರಮಾಳವನ್ನು ಬ್ಯಾಂಕಿನಲ್ಲಿಟ್ಟರೆ ಶೇ 9ರಂತೆ ಅದೇ ಆರು ತಿಂಗಳಿಗೆ 1,350. ಬಡ್ಡಿಯ ವ್ಯತ್ಯಾಸ ಒಂದು ಕಡೆ, ಅಡತಿಯ ಸಾಲದ ಇನ್ನೊಂದು ಬಾಲ ಬೇರೆ: ತೊಗರಿಯನ್ನು ಅವರ ಅಂಗಡಿಗೇ ಹಾಕಬೇಕು, ಅವರು ಹೇಳಿದ ರೇಟಿಗೆ. ಬಂಗಾರ ಅಡವಿಡುವುದೆಂದರೆ ನಮ್ಮ ಕಡೆ ಮನೆ ಮುಳುಗಿದ ಹಾಗೆ ಮಾತಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮನೆಯಲ್ಲಿರುವ ಅತಿ ಅಗ್ಗದ ಸಾಲ ಅದು, ಅವಧಿ ಚಿಕ್ಕದಿದ್ದರೆ.

ದುಡ್ಡು ಸಿಕ್ಕ ಮೇಲೂ ಕಟ್ಟುವುದು ಬೇರೆ ಸಾಹಸ. ನಮ್ಮ ರುಪೇ ಡೆಬಿಟ್ ಕಾರ್ಡಿನಲ್ಲಿ ಯೂರೋ ಹೋಗಲಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ದೊಡ್ಡಪ್ಪನ ಮಗ ತನ್ನ ಕ್ರೆಡಿಟ್ ಕಾರ್ಡಿನಿಂದ ಕಟ್ಟಿದ, ನಾನು ಫೋನ್‌ಪೇ ಮಾಡಿದೆ. ಬಿಲ್ಲು ಬಂದಾಗ ಕಂಡದ್ದು, ವಿದೇಶಿ ವ್ಯವಹಾರಕ್ಕೆ ಶೇ 3.5ರಷ್ಟು ಶುಲ್ಕ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ನೂರು ಯೂರೋಗೆ ನಾನ್ನೂರು ರೂಪಾಯಿ ಹೆಚ್ಚಿಗೆ. ಕಾರ್ಡು ಕಾರ್ಡಿಗೂ ಈ ಶುಲ್ಕ ಬೇರೆ. ನಾಲ್ಕಾರು ಫೀಸು ಕಟ್ಟುವವರು ಮೊದಲು ವಿಚಾರಿಸುವುದು ಒಳ್ಳೆಯದು.

ಹೈದರಾಬಾದಿನ ಅಮೀರಪೇಟೆಯಲ್ಲಿ ಎಲ್ಲವನ್ನೂ ಪುಕ್ಕಟೆ ಮಾಡಿಕೊಡುವ ಕನ್ಸಲ್ಟೆನ್ಸಿಗಳಿವೆ. ಪುಕ್ಕಟೆ ಯಾಕೆ ಎಂದರೆ ಸೇರಿಸಿದ ವಿಶ್ವವಿದ್ಯಾಲಯದಿಂದ ಅವರಿಗೆ ಕಮಿಷನ್ ಬರುತ್ತದೆ. ನಾನು ಹೋದ ಕಡೆ ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳ ಹೆಸರೆತ್ತಿದರೆ ಮಾತು ಬದಲಿಸಿ, ಬ್ರಿಟನ್ನಿನ ಖಾಸಗಿ ಕಾಲೇಜೊಂದರ ಪುಸ್ತಿಕೆ ಕೈಗಿಟ್ಟರು. ಜರ್ಮನಿಯಲ್ಲಿ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಿಗೆ ಬೋಧನಾ ಶುಲ್ಕವಿಲ್ಲ (ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ). ಶುಲ್ಕವಿಲ್ಲದ ಕಡೆಯಿಂದ ಕಮಿಷನ್ ಎಲ್ಲಿಂದ ಬರಬೇಕು? ಯಾಕೆ ಓದಬೇಕೆಂದು ಹೇಳುವ ಎರಡು ಪುಟದ ಪತ್ರವನ್ನೂ ಅವರೇ ಬರೆದುಕೊಡುತ್ತಾರೆ. ನನ್ನದನ್ನು ನಾನೇ ಬರೆದೆ, ಬೀದರಿನ ನೌಬಾದ್ ಕರೇಜ್ ಮೇಲೆ: ಬಹಮನಿ ಕಾಲದಲ್ಲಿ ನೆಲದಡಿ ಸುರಂಗ ತೋಡಿ ನೀರು ಹರಿಸಿದ ಆ ವ್ಯವಸ್ಥೆಯನ್ನು ನೋಡಿಯೇ ನಾನು ಜಲಸಂಪನ್ಮೂಲ ಆಯ್ದುಕೊಂಡದ್ದು. ಇಡೀ ಅರ್ಜಿಯಲ್ಲಿ ರೊಕ್ಕ ಕೇಳದ ಕಾಗದ ಅದೊಂದೇ.

ಇನ್ನು ದೊಡ್ಡ ಸಾಲ. ಜರ್ಮನಿಯ ವೀಸಾಕ್ಕೆ ಒಂದು ವರ್ಷದ ಊಟ–ಬಾಡಿಗೆಯ ದುಡ್ಡು, ಈಗಿನ ಲೆಕ್ಕಕ್ಕೆ 11,904 ಯೂರೋ, ಬ್ಲಾಕ್ಡ್ ಖಾತೆಯಲ್ಲಿ ತೋರಿಸಬೇಕು. ಹನ್ನೆರಡು ಲಕ್ಷ ರೂಪಾಯಿ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯ ಪ್ರಕಾರ ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಆಸ್ತಿಯ ಭದ್ರತೆ ಬೇಕು. ಅಪ್ಪ ಪಹಣಿ ಹಿಡಿದುಕೊಂಡು ಬಂದರು: ಕಪ್ಪು ಮಣ್ಣಿನ ಹೊಲ, ಬಾವಿ ಇದೆ, ರಸ್ತೆಗೆ ಹತ್ತಿರ. ಮ್ಯಾನೇಜರ್ ಮರ್ಯಾದೆಯಿಂದ ಕೂರಿಸಿ ಹೇಳಿದರು, ‘ಹೊಲ ನಡೀಯಂಗಿಲ್ಲ ಗೌಡ್ರ, ಮನಿ ಇಲ್ಲಾ ಎನ್ಎ ಪ್ಲಾಟ್ ಇದ್ರ ತೋರಸ್ರಿ.’ ಕಾರಣವಿದೆ. ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯಿದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ರೈತನ ಹೊಲ ಉಳಿಯಲಿ ಎಂದು ಇಟ್ಟ ವಿನಾಯಿತಿ ಅದು, ಇರಬೇಕಾದದ್ದೇ. ಆದರೆ ಅದೇ ಹೊಲದ ಮೇಲೆ ಬೆಳೆಸಾಲ ಸಿಗುತ್ತದೆ, ಮಗಳ ಓದಿಗೆ ಸಿಗುವುದಿಲ್ಲ.

ಉಳಿದದ್ದು ಹಳ್ಳಿಯ ಮನೆ. ಅದಕ್ಕೆ ಪಂಚಾಯಿತಿಯ ಇ-ಸ್ವತ್ತು ಮಾಡಿಸಿ ನಮೂನೆ 9 ಮತ್ತು 11 ತಂದರೆ ಬ್ಯಾಂಕಿನ ವಕೀಲರು ನೋಡುತ್ತಾರೆ. ಆ ಕಾಗದ ಅಜ್ಜನ ಹೆಸರಿನಲ್ಲಿತ್ತು. ಮುಂದೆ ಓದುವ ವಿಚಾರವಿರುವ ಮಕ್ಕಳ ಮನೆಯವರು ಐಇಎಲ್‌ಟಿಎಸ್‌ಗಿಂತ ಮೊದಲು ಈ ಕಾಗದ ಸರಿಮಾಡಿಸಬೇಕು. ಜೊತೆಗೆ ಸಹಸಾಲಗಾರರ ಎರಡು ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್ ಕೇಳುತ್ತಾರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಾದ್ದರಿಂದ ಅಪ್ಪ ಒಮ್ಮೆಯೂ ಸಲ್ಲಿಸಿದವರಲ್ಲ. ಶಾಲಾ ಮಾಸ್ತರರಾದ ಮಾಮಾ ಸಹಿ ಹಾಕಲು ಒಪ್ಪಿದರು. ಅವರ ಮನೆ ಸಾಲದ ಕಂತು ಕಳೆದು ಬ್ಯಾಂಕು ಲೆಕ್ಕ ಹಾಕುತ್ತಿದೆ. ಅವರ ಹೆಂಡತಿ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಜಾಮೀನು ಎಂದರೆ ಯಾರಿಗೂ ಎದೆ ಝಲ್ಲೆನ್ನುತ್ತದೆ, ಅವರ ಮೇಲೆ ನನಗೆ ಸಿಟ್ಟಿಲ್ಲ.

ಸಾಲದಿಂದಲೇ ಹಣ ಕಳಿಸುವುದರಲ್ಲಿ ಒಂದು ಅನುಕೂಲವಿದೆ. ಸ್ವಂತ ದುಡ್ಡನ್ನು ಒಂದು ಹಣಕಾಸು ವರ್ಷದಲ್ಲಿ ಹತ್ತು ಲಕ್ಷ ಮೀರಿ ಕಳಿಸಿದರೆ ಬ್ಯಾಂಕು ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿಯುತ್ತದೆ. 2025ರ ಏಪ್ರಿಲ್‌ನಿಂದ ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ ಅದಿಲ್ಲ. ಹಿಡಿದ ದುಡ್ಡು ವಾಪಸ್ ಬರುವುದೂ ರಿಟರ್ನ್ಸ್ ಸಲ್ಲಿಸಿದರೆ ಮಾತ್ರ. ವಿದ್ಯಾರ್ಥಿವೇತನಗಳನ್ನೂ ನೋಡಬೇಕು: ಪರಿಶಿಷ್ಟ ಜಾತಿ ಮೊದಲಾದ ಸಮುದಾಯಗಳ ವಿದ್ಯಾರ್ಥಿಗಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ, ಕುಟುಂಬದ ಆದಾಯ ಎಂಟು ಲಕ್ಷದೊಳಗಿರಬೇಕು. ನಾನು ಅದರ ವ್ಯಾಪ್ತಿಗೆ ಬರುವುದಿಲ್ಲ, ನನ್ನ ಗೆಳತಿ ಬರುತ್ತಾಳೆ. ಅವಳಿಗೂ ಪ್ರವೇಶ ಪತ್ರದವರೆಗಿನ ಖರ್ಚು ಕೈಯಿಂದಲೇ.

ಹಳ್ಳಿಯ ಕೃಷಿ ಪತ್ತಿನ ಸಹಕಾರ ಸಂಘಗಳು ಐದು ಲಕ್ಷದವರೆಗೆ ಶೂನ್ಯ ಬಡ್ಡಿಯ ಬೆಳೆಸಾಲ ಕೊಡುತ್ತವೆ. ಅದೇ ಸದಸ್ಯರ ಮಕ್ಕಳಿಗೆ ಒಂದು ಲಕ್ಷದ ಅರ್ಜಿ ಸಾಲ, ತೊಗರಿ ರಾಶಿಯಾದ ಮೇಲೆ ತೀರಿಸುವ ಕರಾರಿನ ಮೇಲೆ, ಕೊಡಲು ಏನಡ್ಡಿ? ನಮ್ಮ ಸೊಸೈಟಿಯ ಸೆಕ್ರೆಟರಿ ಕಾಕಾಗೆ ಕೇಳಿದೆ. ‘ನಿಯಮದಾಗ ಇಲ್ಲವಾ’ ಎಂದರು. ವಾರ್ಷಿಕ ಸಭೆಯಲ್ಲಿ ಎತ್ತಲು ಅಪ್ಪನಿಗೆ ಹೇಳಿದ್ದೇನೆ.

ಪಕ್ಕದ ಓಣಿಯ ಹುಡುಗಿಯೊಬ್ಬಳು ಎರಡನೇ ವರ್ಷದಲ್ಲಿದ್ದಾಳೆ, ಅವಳಿಗೂ ಜರ್ಮನಿಯ ಹುಚ್ಚು. ಪಾಸ್‌ಪೋರ್ಟ್ ಹತ್ತು ವರ್ಷ ನಡೆಯುತ್ತದೆ, ಅದನ್ನು ಈಗಲೇ ಮಾಡಿಸು ಎಂದೆ. ಐಇಎಲ್‌ಟಿಎಸ್ ಅಂಕ ಎರಡು ವರ್ಷ ನಡೆಯುತ್ತದೆ. ಕೊನೆಯ ವರ್ಷದ ಆಗಸ್ಟ್‌ಗೆ ಕಾಯದೆ ಮೂರನೇ ವರ್ಷದಲ್ಲಿ ಮನೆಯಲ್ಲಿ ದುಡ್ಡಿರುವಾಗ ಬರೆದುಬಿಡು ಎಂದೆ. ಅವಳು ಫೋನಿನಲ್ಲಿ ಬರೆದುಕೊಂಡು ಕೇಳಿದಳು, ‘ಅಕ್ಕಾ, ಸೋಯಾ ಮಾರಿದಾಗೋ, ತೊಗರಿ ಮಾರಿದಾಗೋ?’

ತೊಗರಿ ಮಾರಿದಾಗ ಎಂದೆ. ಸೋಯಾದ ದುಡ್ಡು ಗೊಬ್ಬರದ ಅಂಗಡಿಯ ಬಾಕಿಗೇ ಹೋಗುತ್ತದೆ.